ಕಿಡ್ನಿ ಕಾಯಿಲೆ ಇರುವವರಿಗೆ ಕರುಳಿನ ಬ್ಯಾಕ್ಟೀರಿಯಾಗಳಿಂದಲೂ ತೊಂದರೆ ಆಗುತ್ತಾ?
ಆಗಬಹುದು. ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಇರುತ್ತದಲ್ವಾ, ಅದನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಇಂಡೋಲ್ ಎಂಬ ರಾಸಾಯನಿಕವಾಗಿ ಬದಲಿಸುತ್ತವೆ. ಲಿವರ್‌ಗೆ ಹೋದ ಮೇಲೆ ಅದೇ ಇಂಡಾಕ್ಸಿಲ್ ಸಲ್ಫೇಟ್ ಎಂಬ ಕಶ್ಮಲ ಆಗುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಮೂತ್ರದಲ್ಲಿ ಹೋಗುತ್ತದೆ, ಇಲ್ಲದಿದ್ದರೆ ರಕ್ತದಲ್ಲೇ ಉಳಿಯುತ್ತದೆ. ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್‌ನಲ್ಲೂ ಯೂರಿಯಾದಷ್ಟು ಸಲೀಸಾಗಿ ಹೊರಬರುವುದಿಲ್ಲ.

ರಕ್ತದಲ್ಲಿ ಇಂಡಾಕ್ಸಿಲ್ ಸಲ್ಫೇಟ್ ಜಾಸ್ತಿ ಇರುವವರಲ್ಲಿ ಹೃದಯದ ತೊಂದರೆ, ಸಾವು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಇದೇ ಕಾರಣ ಅನ್ನಲು ಅಷ್ಟು ಸಾಲದು. ಕರುಳಿನಲ್ಲೇ ಇಂಡೋಲ್ ಹೀರುವ ಇದ್ದಿಲಿನ ಔಷಧಿ ಎಎಸ್‌ಟಿ-120 ಜಪಾನಿನಲ್ಲಿ ಬಳಕೆಯಲ್ಲಿದೆ. ಆದರೆ 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಕಿಡ್ನಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಸುಮ್ನೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಮಾತ್ರೆಗೆ ದುಡ್ಡು ಸುರಿಯಬೇಡಿ. ಸೊಪ್ಪು, ಹಣ್ಣು ಜಾಸ್ತಿ ಮಾಡುವ ಮುಂಚೆ ನಿಮ್ಮ ರಕ್ತದಲ್ಲಿ ಪೊಟ್ಯಾಷಿಯಂ ಎಷ್ಟಿದೆ ಎಂದು ಡಾಕ್ಟರನ್ನು ಕೇಳಿ.