ಮನೆಯಲ್ಲೇ ಟರ್ಬೊ ಇಂಟರ್‌ಕೂಲರ್ ಕೂರಿಸುವಾಗ ಯಾವ ಪೈಪ್ ಹಾಕಬೇಕು? ಪಿವಿಸಿ ನಡೆಯುತ್ತಾ?

ಪಿವಿಸಿ ಬೇಡವೇ ಬೇಡ. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇಂಟರ್‌ಕೂಲರ್ ಆ ಬಿಸಿ ಗಾಳಿಯನ್ನು ತಣಿಸುತ್ತದೆ. ಟರ್ಬೊದಿಂದ ಹೊರಬರುವ ಗಾಳಿ ಒತ್ತಡ ಜಾಸ್ತಿಯಾದಾಗ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿವಿಸಿ 80 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಒಡೆದರೆ ಚೂರುಗಳು ನೇರ ಇಂಜಿನ್ ಒಳಗೆ ಹೋಗಬಹುದು, ಏಕೆಂದರೆ ಅಲ್ಲಿಂದ ಮುಂದೆ ಫಿಲ್ಟರ್ ಇರುವುದಿಲ್ಲ.

ನನ್ನ ಆಯ್ಕೆ ಅಲ್ಯೂಮಿನಿಯಂ. ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಅದಕ್ಕೆ ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ನಾಜೂಕು ವೆಲ್ಡಿಂಗ್) ಗೊತ್ತಿರುವವರು ಬೇಕು. ಮನೆಯಲ್ಲಿ ಮಿಗ್ (ತಂತಿ ತಾನಾಗಿ ಬರುವ ವೆಲ್ಡಿಂಗ್ ಯಂತ್ರ) ಮಾತ್ರ ಇದ್ದರೆ ಮೈಲ್ಡ್ ಸ್ಟೀಲ್ (ಸಾದಾ ಉಕ್ಕು) ಹಾಕಿ. ತೂಕ ಜಾಸ್ತಿ, ತುಕ್ಕೂ ಹಿಡಿಯಬಹುದು, ಅಷ್ಟೇ. ಕೂರಿಸುವ ಮುಂಚೆ ಒಳಗಿನ ವೆಲ್ಡಿಂಗ್ ಗುಳ್ಳೆ, ತುಕ್ಕು ಎಲ್ಲ ಉಜ್ಜಿ ತೆಗೆಯಿರಿ. ಬೆರಳು ಒಳಗೆ ಹಾಕಿ ಸವರಿ ನೋಡಿ, ಏನೂ ತರಚಬಾರದು. ಸ್ಟೇನ್‌ಲೆಸ್ ಕೂಡ ಚೆನ್ನಾಗಿರುತ್ತದೆ.

ನಿಜವಾದ ತೊಂದರೆ ಬರುವುದು ಜೋಡಣೆಯಲ್ಲಿ. ಇಂಜಿನ್ ಅಲುಗಾಡುತ್ತಲೇ ಇರುತ್ತದೆ ಅಲ್ವಾ? ಹಾಗಾಗಿ ನಡುವೆ ಹಲವು ಪದರದ ಸಿಲಿಕಾನ್ ಹೋಸ್ ಬೇಕು. ಪೈಪಿನ ತುದಿಯಲ್ಲಿ ಸುತ್ತಲೂ ಸಣ್ಣ ಏಣು ಎಬ್ಬಿಸಿ, ಕ್ಲಾಂಪನ್ನು ಅದರ ಹಿಂದೆ ಬಿಗಿಯಿರಿ. ನುಣುಪು ತುದಿಗೆ ಸುಮ್ನೆ ಬಿಗಿದರೆ, ಒತ್ತಡ ಏರಿದ ಕೂಡಲೇ ಹೋಸ್ ಜಾರಿ ಕಳಚುತ್ತದೆ. ಎಣ್ಣೆ ಜಿನುಗುವ ಟರ್ಬೊ ಆದರೆ ಒಳಪದರ ಫ್ಲೋರೋಸಿಲಿಕಾನ್ ಇರುವ ಹೋಸ್ ತಗೊಳ್ಳಿ, ಸಾದಾ ಸಿಲಿಕಾನನ್ನು ಎಣ್ಣೆ ನಿಧಾನವಾಗಿ ಮೆತ್ತಗೆ ಮಾಡುತ್ತದೆ.