ಹಳೇ ಗಣಿಗೆ ಅಣು ಕಸ ಬಂದರೆ ಪಕ್ಕದ ರಾಜ್ಯದವರು ಕೇಳಬಹುದಾ?

ಪ್ರಶ್ನೆ: ನಮ್ಮದು ಚಿತ್ತೂರು ಜಿಲ್ಲೆಯ ಕುಪ್ಪಂ ಹತ್ತಿರದ ಹಳ್ಳಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಸಂತೆಯಲ್ಲಿ ತಮಿಳೂ ನಡೆಯುತ್ತೆ. ಗಡಿ ದಾಟಿದರೆ ಕೆಜಿಎಫ್. ಅಲ್ಲಿನ ಮುಚ್ಚಿದ ಚಿನ್ನದ ಗಣಿಯಲ್ಲಿ ಅಣು ವಿದ್ಯುತ್ ಸ್ಥಾವರದ ಕಸ ಹೂಳ್ತಾರೆ ಅಂತ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡ್ತಿದೆ. ನಿಜಾನಾ? ನಾಳೆ ಅಂಥದ್ದು ಬಂದರೆ ಆಂಧ್ರದಲ್ಲಿರುವ ನಮಗೆ ಪ್ರಶ್ನೆ ಕೇಳುವ ಹಕ್ಕು ಇದೆಯಾ? ಅದೂ ಅಲ್ಲದೆ, ವಿಜ್ಞಾನಿಗಳ ಕೆಲಸವನ್ನು ನಮ್ಮಂಥವರು ಏನಂತ ನೋಡೋದು?

ಉತ್ತರ: ಕೆಜಿಎಫ್‌ನಲ್ಲಿ ಅಂಥ ಯೋಜನೆ ಇಲ್ಲ ಅಂತ ಕೇಂದ್ರ ಸರ್ಕಾರವೇ ಹೇಳಿದೆ. ಆದರೆ ಈ ಸುದ್ದಿ ಸುಮ್ನೆ ಹುಟ್ಟಿದ್ದಲ್ಲ. 2012ರ ನವೆಂಬರ್‌ನಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಕಸ ಎಲ್ಲಿ ಇಡ್ತೀರಿ ಎಂಬ ಪ್ರಶ್ನೆಗೆ ಸರ್ಕಾರದ ಕಡೆಯಿಂದಲೇ ಕೆಜಿಎಫ್ ಹೆಸರು ಬಂತು. ಊರಲ್ಲಿ ಪ್ರತಿಭಟನೆ, ಬಂದ್ ಎಲ್ಲಾ ಆಯಿತು. ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಆ ಗಣಿಯಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಹೀಟರ್ ಇಟ್ಟು, ಅಣು ಕಸದಂಥ ಬಿಸಿಗೆ ಬಂಡೆ ಹೇಗೆ ವರ್ತಿಸುತ್ತೆ ಅಂತ ಪರೀಕ್ಷೆ ಮಾಡಿದ್ದು ನಿಜ. ಗೊಂದಲಕ್ಕೆ ಬೇರು ಅಲ್ಲಿದೆ. ಊರಿನವರಿಗೆ ಆ ಪರೀಕ್ಷೆಯ ವಿಷಯ ಮೊದಲೇ ಬಿಡಿಸಿ ಹೇಳಿದ್ದರೆ 2012ರ ಗಲಾಟೆ ಅರ್ಧ ಕಡಿಮೆಯಾಗುತ್ತಿತ್ತು ಅಂತ ನನಗನ್ನಿಸುತ್ತೆ.

ಸದ್ಯ ನಮ್ಮ ದೇಶದಲ್ಲಿ ಎಲ್ಲೂ ಆಳದ ಭೂಗತ ಸಂಗ್ರಹಾಗಾರ ಇಲ್ಲ. ಬಳಸಿದ ಇಂಧನದಿಂದ ಯುರೇನಿಯಂ, ಪ್ಲುಟೋನಿಯಂ ತೆಗೆದು, ಉಳಿದ ವಿಷದ ದ್ರವವನ್ನು ಗಾಜಿನ ಜೊತೆ ಕರಗಿಸಿ ಗಟ್ಟಿ ಮಾಡುತ್ತಾರೆ. ಅದನ್ನು ಉಕ್ಕಿನ ಡಬ್ಬಿಯಲ್ಲಿ ತಾರಾಪುರದಂಥ ಕಡೆ ದಶಕಗಟ್ಟಲೆ ತಣ್ಣಗಾಗಲು ಇಡುತ್ತಾರೆ. ಕೆಳಮಟ್ಟದ ಕಸ ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಗುಂಡಿಗಳಿಗೆ ಹೋಗುತ್ತೆ. ಅದನ್ನು ಸುಮಾರು 300 ವರ್ಷ ಕಾಯಬೇಕು ಅನ್ನೋದು ಲೆಕ್ಕ. ಅದರಲ್ಲಿರುವ ಸೀಸಿಯಂ-137 ಎಂಬ ವಿಕಿರಣ ಪದಾರ್ಥದ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 30 ವರ್ಷ, ಹತ್ತು ಸಲ ಅರ್ಧವಾಗಲಿ ಅಂತ. ಪ್ಲುಟೋನಿಯಂ-239ರದು 24,000 ವರ್ಷ. ಆಳಕ್ಕೆ ಹೂಳುವ ಮಾತು ಬರುವುದೇ ಇಂಥ ದೀರ್ಘಾಯುಷ್ಯದ ಪದಾರ್ಥಗಳಿಂದ.

ಹಳೇ ಗಣಿ ಇದೆಯಲ್ಲ, ಅಲ್ಲೇ ಹಾಕಿದರಾಯ್ತು ಅನ್ನುವವರಿಗೆ ಜರ್ಮನಿಯ ಆಸ್ಸೆ (Asse) ಎಂಬ ಉಪ್ಪಿನ ಗಣಿಯ ಕಥೆ ಹೇಳಬೇಕು. 1967ರಿಂದ 1978ರವರೆಗೆ ಅಲ್ಲಿ ಸಂಶೋಧನೆ ಅಂತ ಹೇಳಿ ಸುಮಾರು 1,26,000 ಡ್ರಮ್ ಇಳಿಸಿದರು. ಈಗ ಒಳಗೆ ದಿನಕ್ಕೆ ಸುಮಾರು 12,000 ಲೀಟರ್ ನೀರು ಬರುತ್ತಿದೆ. ವಿಕಿರಣ ಬೆರೆತ ಉಪ್ಪುನೀರಿನ ವಿಷಯ ಜನರಿಗೆ ಸರಿಯಾಗಿ ಗೊತ್ತಾಗಿದ್ದೇ 2008ರಲ್ಲಿ. 2013ರಲ್ಲಿ ಕಾನೂನು ಮಾಡಿ, ಇಳಿಸಿದ್ದನ್ನೆಲ್ಲಾ ಮೇಲಕ್ಕೆ ತರಬೇಕು ಅಂತ ತೀರ್ಮಾನಿಸಿದರು. ಕೆಜಿಎಫ್ ಗಣಿಯೂ ಚಿನ್ನಕ್ಕಾಗಿ ತೋಡಿದ್ದು, ಏನನ್ನೋ ಭದ್ರವಾಗಿ ಇಡಲಿಕ್ಕಲ್ಲ. 3 ಕಿಲೋಮೀಟರಿಗೂ ಜಾಸ್ತಿ ಆಳ, ದಿಕ್ಕುದಿಕ್ಕಿಗೂ ಸುರಂಗ. ಬಂಡೆ ಸಿಡಿಯುವುದಕ್ಕೆ ಮೊದಲಿಂದಲೂ ಹೆಸರುವಾಸಿ. 2001ರಲ್ಲಿ ಮುಚ್ಚಿದ ಮೇಲೆ ನೀರೂ ತುಂಬಿದೆ. ಭೂವಿಜ್ಞಾನ ಓದಿದವರು ಯಾರೂ ಇದನ್ನು ಮೊದಲ ಆಯ್ಕೆ ಅಂತ ಬರೆಯಲಾರರು.

ಇನ್ನು ಜನ ಏನು ನೋಡಬಲ್ಲರು ಅಂದಿರಿ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ, ಕಾರ್ಲ್ಸ್‌ಬ್ಯಾಡ್ ಊರಿನ ಹತ್ತಿರ, ನೆಲದಿಂದ 655 ಮೀಟರ್ ಕೆಳಗೆ ಉಪ್ಪಿನ ಪದರದಲ್ಲಿ ಅಣ್ವಸ್ತ್ರ ಕಾರ್ಖಾನೆಗಳ ಕಸ ಇಡುತ್ತಾರೆ. ಯೋಜನೆ ಇನ್ನೂ ಕಾಗದದಲ್ಲಿದ್ದಾಗಲೇ, 1978ರಲ್ಲಿ, ರಾಜ್ಯದ ಪರವಾಗಿ ಅದನ್ನು ತಪಾಸಣೆ ಮಾಡಲು ವಿಜ್ಞಾನಿಗಳ ಒಂದು ಸಣ್ಣ ಗುಂಪು ಕಟ್ಟಿದರು. ದುಡ್ಡು ಕೇಂದ್ರದ ಇಂಧನ ಇಲಾಖೆಯದು, ಅಭಿಪ್ರಾಯ ಮಾತ್ರ ಅವರದೇ. ಆ ಗುಂಪು ಒಂದು ಕೊಳವೆಬಾವಿಯ ಹೆಸರು ಹೇಳಿ, ಇದನ್ನು ಇನ್ನೂ ಆಳಕ್ಕೆ ಕೊರೆಯಿರಿ ಅಂತ ಕೇಳಿತು. 1981ರಲ್ಲಿ ಕೊರೆದಾಗ ಒತ್ತಡದಲ್ಲಿ ಕೂತಿದ್ದ ಉಪ್ಪುನೀರು ಮೇಲಕ್ಕೆ ನುಗ್ಗಿತು. ಕಸದ ಕೋಣೆಗಳು ಬರಬೇಕಿದ್ದದ್ದು ಆ ದಿಕ್ಕಿನಲ್ಲೇ. ಕೊನೆಗೆ ನಕ್ಷೆ ಬದಲಿಸಿ ಕೋಣೆಗಳನ್ನು ದಕ್ಷಿಣಕ್ಕೆ ಸರಿಸಿದರು. ಧರಣಿ, ಘೋಷಣೆಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಸರಿಯಾದ ಪ್ರಶ್ನೆ. ಅದನ್ನು ಕೇಳಲು ಸಂಬಳ ಪಡೆಯುವ, ಆದರೆ ಯೋಜನೆಯವರ ಕೈಕೆಳಗಿಲ್ಲದ ಜನ ಅಲ್ಲಿದ್ದರು. ನಿಮ್ಮೂರಿನವರು ಒತ್ತಾಯಿಸಬೇಕಾದ ಮೊದಲ ವಿಷಯ ಇದೇ.

2004ರಲ್ಲಿ ದುಡ್ಡು ನಿಂತು ಆ ಗುಂಪು ಮುಚ್ಚಿತು. 2014ರ ಫೆಬ್ರವರಿಯಲ್ಲಿ ಕೆಳಗಿದ್ದ ಒಂದು ಡ್ರಮ್ ಬಿಸಿಯಾಗಿ ಒಡೆಯಿತು. ಲಾಸ್ ಅಲಾಮೋಸ್ ಎಂಬ ಅಣ್ವಸ್ತ್ರ ಪ್ರಯೋಗಾಲಯದಲ್ಲಿ ತುಂಬುವಾಗ ದ್ರವ ಹೀರಲು ಹಾಕುವ ಮಣ್ಣಿನಂಥ ಪುಡಿ ಬದಲು, ಸಾಕುಬೆಕ್ಕು ಕಕ್ಕಸು ಮಾಡುವ ತಟ್ಟೆಗೆ ಹಾಕುವ, ಗೋಧಿಯಿಂದ ಮಾಡಿದ ಪುಡಿ ಹಾಕಿದ್ದರು. ಕಸದಲ್ಲಿದ್ದ ನೈಟ್ರೇಟ್ ಲವಣದ ಜೊತೆ ಅದು ಕಾದು ಹತ್ತಿಕೊಂಡಿತು. ಸುಮಾರು 3 ವರ್ಷ ಇಡೀ ಜಾಗ ಬಂದ್. ಗುಂಪು ಇದ್ದಿದ್ದರೆ ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ತಪ್ಪು ನಡೆದದ್ದು ಬೇರೆ ಊರಲ್ಲಿ. ಆದರೆ ಬಂಡೆ ಒಂದೇ ನೋಡಿದರೆ ಸಾಲದು, ಡ್ರಮ್ ತುಂಬುವ ಕೈಯನ್ನೂ ಯಾರಾದರೂ ನೋಡುತ್ತಿರಬೇಕಲ್ವಾ?

ನಮ್ಮಲ್ಲಿ ಆ ಕೆಲಸ ಅಣುಶಕ್ತಿ ನಿಯಂತ್ರಣ ಮಂಡಳಿಯದು. 1983ರಲ್ಲಿ ಸರ್ಕಾರದ ಆದೇಶದಿಂದ ಹುಟ್ಟಿದ್ದು. ಅದು ವರದಿ ಒಪ್ಪಿಸುತ್ತಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಸ್ಥಾವರ ನಡೆಸುವ ಇಲಾಖೆಯ ಕಾರ್ಯದರ್ಶಿ. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2012ರ ವರದಿ ಇದನ್ನೇ ಎತ್ತಿ ಹೇಳಿತ್ತು. ನಿಯಮ ಮುರಿದರೆ ಹಾಕಬಹುದಾಗಿದ್ದ ದಂಡ ಎಷ್ಟು ಗೊತ್ತಾ? 500 ರೂಪಾಯಿ.

ಈಗ ನಿಮ್ಮ ಹಕ್ಕಿನ ವಿಷಯ. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆ ಅನ್ವಯ. ಸಾರ್ವಜನಿಕ ಅಹವಾಲು ಸಭೆ ಯೋಜನೆಯ ಜಾಗದಲ್ಲೋ ಹತ್ತಿರದಲ್ಲೋ ನಡೆಯುತ್ತೆ. ಕೋಲಾರ ಜಿಲ್ಲೆಯಲ್ಲಿ ನಡೆದರೆ ಕುಪ್ಪಂಗೆ ಯಾರೂ ಡಂಗುರ ಸಾರಲ್ಲ. ಪಾಲಾರ್ ನದಿಗೆ ಮಾತ್ರ ಗಡಿ ಗೊತ್ತಿಲ್ಲ. ಬೇತಮಂಗಲ ದಾಟಿ ನಿಮ್ಮ ಕಡೆ ಬಂದು, ಅಲ್ಲಿಂದ ತಮಿಳುನಾಡಿಗೆ ಹೋಗುತ್ತೆ. ಅದೇ ಅಧಿಸೂಚನೆ, ಪರಿಸರದ ವಿಷಯದಲ್ಲಿ ಸಂಬಂಧ ಇರುವ ಬೇರೆಯವರೂ ಲಿಖಿತವಾಗಿ ಅಭಿಪ್ರಾಯ ಕಳಿಸಬಹುದು ಅನ್ನುತ್ತೆ. ಹಾಗಾಗಿ ಆಂಧ್ರದ ವಿಳಾಸದಿಂದ ಬರೆದ ಕಾಗದವೂ ಲೆಕ್ಕಕ್ಕೆ ಬರಬೇಕು. ಸಭೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು, ಕಲಾಪವನ್ನು ವಿಡಿಯೋ ಮಾಡಬೇಕು. ಕೋಲಾರದ ಸಾರಾಂಶ ಕನ್ನಡದಲ್ಲಿರುತ್ತೆ. ನೀವು ಓದಿಕೊಳ್ಳುತ್ತೀರಿ, ನಿಮ್ಮ ತೆಲುಗು ನೆರೆಯವರಿಗೆ ನೀವೇ ಓದಿ ಹೇಳಬೇಕಾಗುತ್ತೆ. ಒಂದು ಕೊಕ್ಕೆಯೂ ಇದೆ. ದೇಶದ ರಕ್ಷಣೆ ಅಥವಾ ಆಯಕಟ್ಟಿನ ವಿಷಯ ಅಂತ ಕೇಂದ್ರ ತೀರ್ಮಾನಿಸಿದರೆ ಅಹವಾಲೇ ಬೇಡ ಅನ್ನಬಹುದು.

ಪ್ರಶ್ನೆ: ಫಿನ್ಲೆಂಡಿನಲ್ಲಿ ಜನರೇ ಒಪ್ಪಿ ಇಂಥ ಜಾಗ ಕೊಟ್ಟಿದ್ದಾರೆ ಅಂತಾರೆ. ಹೇಗೆ ಒಪ್ಪಿದರು? (ಹೊಸೂರಿನ ಓದುಗರು)

ಉತ್ತರ: ಒಲ್ಲೆ ಅನ್ನುವ ಅಧಿಕಾರ ಅವರ ಕೈಯಲ್ಲಿತ್ತು. ಅಲ್ಲಿನ ಕಾನೂನಿನ ಪ್ರಕಾರ ಊರಿನ ಪುರಸಭೆ ಬೇಡ ಅಂದರೆ ಯೋಜನೆ ಅಲ್ಲಿಗೇ ಮುಗೀತು. 2000ದಲ್ಲಿ ಎವುರಯೋಕಿ ಪುರಸಭೆ 20–7 ಮತದಿಂದ ಒಪ್ಪಿತು, ಮರುವರ್ಷ ಸಂಸತ್ತು 159–3ರಿಂದ. ಆ ಊರಲ್ಲಿ ಮೊದಲಿಂದ ಅಣು ಸ್ಥಾವರ ಇತ್ತು, ತೆರಿಗೆಯ ಆದಾಯವೂ ಇತ್ತು, ಅದನ್ನು ಮರೆಯಬಾರದು. ಸ್ವೀಡನ್ನಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಣು ಕಸದ ವಿಲೇವಾರಿಗೆಂದು ಇಟ್ಟ ನಿಧಿಯಿಂದಲೇ ಪರಿಸರ ಸಂಘಟನೆಗಳಿಗೆ ತಜ್ಞರನ್ನು ಇಟ್ಟುಕೊಳ್ಳಲು ದುಡ್ಡು ಕೊಟ್ಟರು. ಕಸ ತುಂಬುವ ತಾಮ್ರದ ಡಬ್ಬಿ ತುಕ್ಕು ಹಿಡಿಯುತ್ತಾ ಎಂಬ ಪ್ರಶ್ನೆಯನ್ನು ಆ ಸಂಘಟನೆಗಳು ಬಿಡದೆ ಕೇಳಿದವು. 2018ರಲ್ಲಿ ಪರಿಸರ ನ್ಯಾಯಾಲಯವೂ ಅದಕ್ಕೆ ಇನ್ನಷ್ಟು ದಾಖಲೆ ಬೇಕು ಅಂದಿತು. ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.