ಖಾಲಿ ಒಡವೆ ಡಬ್ಬಿ: ಸಂಪಾದಕರ ಉತ್ತರ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅದರ ಸಾರ ಇಷ್ಟು: "ಹೋದ ತಿಂಗಳು ನಿಮ್ಮ ಪತ್ರಿಕೆಯಲ್ಲಿ 'ಸಾಲಬಾಧೆ: ಹೆಂಡತಿಯನ್ನು ಕೊಂದ ಗಂಡ' ಅಂತ ಬಂದಿತ್ತು. ಓದಿ ಎದೆ ಝಲ್ಲೆಂದಿತು. ನನ್ನ ತಂಗಿ ಒಂದು ಮದುವೆಗೆ ಹೊರಟವಳು ಬೀರು ತೆಗೆದರೆ ಒಡವೆ ಡಬ್ಬಿ ಖಾಲಿ. ಬ್ಯಾಂಕ್ ಲಾಕರಿನಲ್ಲಿದೆ ಅಂತಾನೆ ಗಂಡ. ಯಾವ ಬ್ಯಾಂಕು ಅಂದರೆ ರೇಗುತ್ತಾನೆ. ಸಾಲ ಜಾಸ್ತಿಯಾದರೆ ಒಳ್ಳೆಯ ಮನುಷ್ಯನೂ ಹಾಗಾಗಿಬಿಡ್ತಾನಾ?"

ಅಮ್ಮಾ, ಆ ತಲೆಬರಹ ಹಾಕಿದ್ದು ನಾನೇ. ಅದು ತಪ್ಪು. ನಮ್ಮ ಕಡೆ ಸಾಲ ಇಲ್ಲದ ಮನೆ ಯಾವುದಿದೆ ಹೇಳಿ? ಸಾವಿರ ಅಡಿ ಕೊರೆಸಿಯೂ ಬೋರ್‌ವೆಲ್‌ನಲ್ಲಿ ಹನಿ ನೀರು ಕಾಣದವರಿದ್ದಾರೆ. ಬೆಲೆ ಬಿದ್ದ ವರ್ಷ ಟೊಮೆಟೊವನ್ನು ರಸ್ತೆಬದಿಗೆ ಸುರಿದು ಬಂದವರಿದ್ದಾರೆ. ಅವರು ಮನೆಗೆ ಬಂದು ಹೆಂಡತಿಯ ಮುಂದೆ ಕೂತು ಅತ್ತಿದ್ದಾರೆ. ಕೊಂದಿಲ್ಲ. 'ಸಾಲಬಾಧೆಗೆ ಕೊಲೆ' ಎಂದು ಬರೆದಾಗ ಕೊಂದವನ ತಪ್ಪನ್ನು ಸಾಲದ ತಲೆಗೆ ಕಟ್ಟಿದ ಹಾಗಾಯಿತು. ಸತ್ತವಳಿಗೆ ಅದು ಅನ್ಯಾಯ.

ವರದಿಗಾರನಾಗಿದ್ದಾಗ ಇಂಥ ಕೆಲವು ಪ್ರಕರಣಗಳ ವಿಚಾರಣೆಗೆ ಕೋರ್ಟಿನಲ್ಲಿ ಕೂತಿದ್ದೇನೆ. ಮೊದಲು ಒಂದು ಕೈಸಾಲ. ಅದನ್ನು ತೀರಿಸಲು ಮೀಟರ್ ಬಡ್ಡಿ. ಆಮೇಲೆ ಹೆಂಡತಿಯ ಸರ ಗಿರವಿ ಅಂಗಡಿಗೆ. ಮನೆಯಲ್ಲಿ ಮಾತ್ರ ಎಲ್ಲಾ ಸರಿಯಿದೆ ಎಂಬ ನಾಟಕ. ಆ ಗಂಡಸರು ಸಾಲ ಕೊಟ್ಟವರಿಗಿಂತ ಜಾಸ್ತಿ ಹೆದರಿದ್ದು ಹೆಂಡತಿಗೆ ಗೊತ್ತಾಗಿಬಿಡುತ್ತದಲ್ಲ ಎಂಬುದಕ್ಕೆ. ಅವಳು ತವರಿಗೆ ಹೇಳುತ್ತೇನೆ, ಬಿಟ್ಟು ಹೋಗುತ್ತೇನೆ ಎಂದ ದಿನವೇ ಅನಾಹುತ ಆಗಿದೆ. ಅವಳ ಒಡವೆ ನನ್ನದು ಅಂದುಕೊಂಡವನು ಅವಳ ಜೀವವನ್ನೂ ತನ್ನದೇ ಅಂದುಕೊಂಡಿದ್ದ. ಹೆಂಡತಿಯೇ ಗಂಡನನ್ನು ಕೊಲ್ಲಿಸಿದ ಪ್ರಕರಣಗಳೂ ಇವೆ. ಅಲ್ಲೂ ಕೊಲೆಗೆ ಮುಂಚೆ ಸುಳ್ಳಿನ ಸಂಸಾರವೇ ನಡೆದಿತ್ತು.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತು ನನ್ನನ್ನು ತುಂಬಾ ಕಾಡಿತು. ತಂಗಿ ರಾತ್ರಿ ಎದ್ದು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾಳೆ, ಗೂಡು ಕಟ್ಟಲೆಂದು ಚಂದ್ರಿಕೆ ತಟ್ಟಿಗೆ ಹುಳು ಬಿಡುತ್ತಾಳೆ, ಗೂಡು ಬಿಡಿಸುತ್ತಾಳೆ. ಆದರೆ ಗೂಡು ಎಷ್ಟಕ್ಕೆ ಹೋಯಿತು ಅಂತ ಅವಳಿಗೆ ಗೊತ್ತಿಲ್ಲ ಎಂದಿದ್ದೀರಿ. ದುಡ್ಡು ಗಂಡನ ಖಾತೆಗೆ ಬೀಳುತ್ತದೆ, ಬಿಲ್ಲು ಅವನ ಜೇಬಿನಲ್ಲೇ ಇರುತ್ತದೆ. 'ಹೆಂಗಸರಿಗ್ಯಾಕೆ ಲೆಕ್ಕ' ಅಂತ ನಾವೇ ಸುಮ್ನೆ ಬಿಟ್ಟುಬಿಟ್ಟಿದ್ದೇವೆ. ಸುಳ್ಳು ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ನಿಮ್ಮ ತಂಗಿಯ ಗಂಡ ಕೊಲೆಗಡುಕ ಎಂದು ನಾನು ಹೇಳುತ್ತಿಲ್ಲ. ಬಹಳ ಜನ ಮಾನಕ್ಕೆ ಅಂಜಿ ಮುಚ್ಚಿಡುತ್ತಾರೆ, ಕೇಳುವವರು ಕೇಳಿದರೆ ಬಾಯಿ ಬಿಡುತ್ತಾರೆ. ಆದರೆ ಅವಳು ರಾತ್ರಿ ಹೊತ್ತು ಒಬ್ಬಳೇ ಎದುರು ನಿಂತು ಜಗಳ ತೆಗೆಯುವುದು ಬೇಡ. ಮೊದಲು ನಿಮಗೆ, ಅವನು ಮರ್ಯಾದೆ ಕೊಡುವ ಹಿರಿಯರೊಬ್ಬರಿಗೆ ವಿಷಯ ಗೊತ್ತಿರಲಿ. ಕೇಳುವುದು ಹಗಲಿನಲ್ಲಿ, ನಾಲ್ಕು ಜನರ ನಡುವೆ ಆಗಲಿ. ಓದದೆ ಯಾವ ಕಾಗದಕ್ಕೂ ಸಹಿ ಬೇಡ. ಅವಳ ಹೆಸರಿನಲ್ಲಿ ಹೊಸದಾಗಿ ವಿಮೆ ಮಾಡಿಸಿದ್ದಾನಾ, ವಿಚಾರಿಸಿ. ಅವನು ಕೈ ಎತ್ತಿದರೆ, ಕುತ್ತಿಗೆಗೆ ಕೈ ಹಾಕಿದರೆ, 'ಎಲ್ಲರೂ ಒಟ್ಟಿಗೆ ಸಾಯೋಣ' ಅಂದರೆ ಅದನ್ನು ಬೇಜಾರಿನ ಮಾತು ಅಂತ ತಳ್ಳಿಹಾಕಬೇಡಿ. ಅವತ್ತೇ ಮಕ್ಕಳ ಸಮೇತ ನಿಮ್ಮ ಮನೆಗೆ ಕರೆತನ್ನಿ. 112ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ 181 ಇದೆ.

ತವರಿನವರು ಕೊಟ್ಟ ಒಡವೆ ಅವಳದೇ. ಗಂಡ ಕಷ್ಟಕ್ಕೆ ಬಳಸಿಕೊಂಡರೂ ಮರಳಿಸುವ ಹೊಣೆ ಅವನದು ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ. ಹೆಂಡತಿಯ ಒಡವೆಯನ್ನು ಅವಳನ್ನು ಕೇಳದೆ ಪರಭಾರೆ ಮಾಡುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ. ವಕೀಲರಿಗೆ ದುಡ್ಡಿಲ್ಲ ಎಂದು ಬರೆದಿದ್ದೀರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ತಂಗಿಯ ಗಂಡನಿಗೂ ಒಂದು ಮಾತು ತಲುಪಿಸಿ. ಸಾಲ ವಸೂಲಿಗೆ ಬಂದವರು ಮನೆ ಮುಂದೆ ನಿಂತು ಬೆದರಿಸಿದರೆ, 2025ರಲ್ಲಿ ನಮ್ಮ ರಾಜ್ಯ ತಂದ ಕಿರುಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲಿದೆ. ಅವನು ಹೆಂಡತಿಯ ಮುಂದೆ ಲೆಕ್ಕ ಬಿಚ್ಚಿಟ್ಟರೆ ಪೊಲೀಸ್ ಠಾಣೆಗೆ ಹೋಗುವಾಗ ಜೊತೆಗೆ ಅವಳೂ ಇರುತ್ತಾಳೆ.

'ಸಾಲಬಾಧೆಗೆ ಪತ್ನಿ ಕೊಲೆ' ಎಂಬ ತಲೆಬರಹ ನಮ್ಮ ಪತ್ರಿಕೆಯಲ್ಲಿ ಇನ್ನು ಬರುವುದಿಲ್ಲ. ಈ ಬಾರಿಯ ಗೂಡು ಮಾರುಕಟ್ಟೆಗೆ ಹೋದಾಗ ತಂಗಿಯೂ ಜೊತೆಗೆ ಹೋಗಲಿ, ಬಿಲ್ಲು ಅವಳ ಕೈಗೆ ಬರಲಿ. ಬಂತಾ ಇಲ್ವಾ, ನನಗೊಂದು ಕಾರ್ಡ್ ಬರೆಯಿರಿ.